ಮಂದಾಕಿನಿಯ ದಾರಿಯಲ್ಲಿ

ಹಿಮಾಲಯವೆಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ಹಿಮ. ಗೋಡೆಯ ಕ್ಯಾಲೆಂಡರುಗಳೂ ಚಲಚ್ಚಿತ್ರದ ಹಾಡುಗಳೂ ನಮಗೆ ಹಾಗೆ ರೂಢಿ ಮಾಡಿಸಿವೆ. ಆದರೆ ಹೃಷೀಕೇಶದಲ್ಲಿ ಬಸ್ಸನ್ನೇರಿ ಗಢವಾಲದ ಬೆಟ್ಟಗಳೊಳಕ್ಕೆ ಹೊಕ್ಕವನಿಗೆ ಮೊದಲ ದಿನವೆಲ್ಲ ಹಿಮದ ಸುಳಿವೇ ಇರುವುದಿಲ್ಲ. ಅವನ ಕಣ್ಣಿಗೆ ಬೀಳುವುದು ಮಣ್ಣು. ಬೆಟ್ಟದ ನೆತ್ತಿಯಿಂದ ಪಾದದವರೆಗೆ ಹಸಿ ಗಾಯದಂತೆ ಸೀಳಿಕೊಂಡ ಕುಸಿತಗಳು, ರಸ್ತೆಯ ಅಂಚಿಗೆ ಬಂದು ನಿಂತ ಮನೆಗಾತ್ರದ ಬಂಡೆಗಳು, ಕೆಳಗೆ ಆಳದಲ್ಲಿ ಮರಳನ್ನೂ ಜಲ್ಲಿಯನ್ನೂ ಉರುಳಿಸುತ್ತ ಹರಿಯುವ ನದಿ - ಇವನ್ನೇ ನೋಡುತ್ತ ದಿನವಿಡೀ ಸಾಗಬೇಕು. ಪರ್ವತಕ್ಕೆ ನಮ್ಮ ಹಿರಿಯರು 'ಅಚಲ' ಎಂದು ಹೆಸರಿಟ್ಟರು. ಅಲುಗದುದು ಎಂದು ಅದರ ಅರ್ಥ. ನಿಘಂಟು ಬರೆದ ಆ ಮಹನೀಯರಲ್ಲಿ ಯಾರೊಬ್ಬರೂ ಶ್ರಾವಣಮಾಸದಲ್ಲಿ ಈ ದಾರಿ ಹಿಡಿದಿರಲಾರರು.

ನಾವು ಹೊರಟದ್ದು ದಸರೆಯ ರಜೆಯಲ್ಲಿ. ಮುಂಗಾರು ಹಿಂಜರಿದು ಆಕಾಶ ತೊಳೆದಿಟ್ಟಂತೆ ಇರುವ ಕಾಲ ಅದು. ಕೇದಾರನಾಥದ ಗುಡಿ ದೀಪಾವಳಿಯ ಮರುದಿನಗಳಲ್ಲಿ, ಯಮದ್ವಿತೀಯೆಯಂದು, ಬಾಗಿಲು ಮುಚ್ಚಿದರೆ ಮತ್ತೆ ತೆರೆಯುವುದು ವೈಶಾಖದ ಹೊತ್ತಿಗೆ. ಜೊತೆಯಲ್ಲಿದ್ದವರು ನಮ್ಮ ಕಾಲೇಜಿನ ಭೂವಿಜ್ಞಾನದ ಅಧ್ಯಾಪಕ ಮಿತ್ರರು. ಭೂವಿಜ್ಞಾನಿಯೊಡನೆ ಯಾತ್ರೆ ಹೊರಡುವವರಿಗೆ ಒಂದು ಎಚ್ಚರಿಕೆಯ ಮಾತು: ಅವರ ಚೀಲ ದಿನದಿಂದ ದಿನಕ್ಕೆ ತೂಕವೇರುತ್ತದೆ, ಅದನ್ನು ಹೊರುವ ಸರದಿ ನಿಮಗೂ ಬರುತ್ತದೆ. ಇನ್ನೊಂದು ತೊಂದರೆಯೂ ಉಂಟು. ಚಹಾ ಕುಡಿಯಲು ಬಸ್ಸು ನಿಂತ ಊರೂರಿನಲ್ಲಿಯೂ ಅವರದು ಒಂದೇ ಪ್ರಶ್ನೆ: "ಈ ಊರು ಇಲ್ಲೇ ಏಕೆ ಇದೆ?" ಮೊದಮೊದಲು ನಾನು ನಕ್ಕು ಸುಮ್ಮನಾಗುತ್ತಿದ್ದೆ. ಮೂರನೆಯ ದಿನದ ಹೊತ್ತಿಗೆ ಆ ಪ್ರಶ್ನೆ ನನ್ನನ್ನೂ ಹಿಡಿದುಬಿಟ್ಟಿತು.

ದೇವಪ್ರಯಾಗದಲ್ಲಿ ಭಾಗೀರಥಿಯೂ ಅಲಕನಂದೆಯೂ ಕೂಡುತ್ತವೆ. ಗಂಗೆಯೆಂಬ ಹೆಸರು ಅಲ್ಲಿಂದ ಮುಂದಕ್ಕೆ. ಅಲಕನಂದೆಯ ಗುಂಟ ಮೇಲೆ ಸಾಗಿದರೆ ಶ್ರೀನಗರ - ಕಾಶ್ಮೀರದ್ದಲ್ಲ, ಗಢವಾಲದ ಅರಸರ ಹಳೆಯ ರಾಜಧಾನಿ. ಅನಂತರ ರುದ್ರಪ್ರಯಾಗ. ಎಂಟು ವರ್ಷ ಈ ಸೀಮೆಯ ಯಾತ್ರಿಕರ ನಿದ್ದೆಗೆಡಿಸಿ 125 ಮಂದಿಯನ್ನು ತಿಂದ ಚಿರತೆಯನ್ನು ಜಿಮ್ ಕಾರ್ಬೆಟ್ 1926ರಲ್ಲಿ ಕೊಂದದ್ದು ಈ ಊರಿನ ಬಳಿ. ಇಲ್ಲಿ ಬಲದಿಂದ ಅಲಕನಂದೆ ಬದರಿಯ ನೀರನ್ನು ತಂದರೆ, ಎಡದಿಂದ ಮಂದಾಕಿನಿ ಕೇದಾರದ ನೀರನ್ನು ತರುತ್ತದೆ. ನಮ್ಮ ದಾರಿ ಎಡಕ್ಕೆ.

ಇಷ್ಟರಲ್ಲಿ ಯಾತ್ರಿಕನು ತನಗರಿಯದಂತೆಯೇ ಎರಡು ಪರ್ವತಶ್ರೇಣಿಗಳನ್ನು ದಾಟಿಯೊ ಹೊಕ್ಕೊ ಇರುತ್ತಾನೆ. ಪಶ್ಚಿಮದ ನಂಗಾ ಪರ್ಬತದಿಂದ ಪೂರ್ವದ ನಾಮ್ಚಾ ಬರ್ವಾದವರೆಗೆ ಸುಮಾರು 2,400 ಕಿಲೋಮೀಟರು ಬಿಲ್ಲಿನಂತೆ ಬಾಗಿ ನಿಂತಿರುವ ಹಿಮಾಲಯ ಒಂದೇ ಗೋಡೆಯಲ್ಲ. ಒಂದರ ಹಿಂದೊಂದು ನಿಲ್ಲಿಸಿದ ಮೂರು ಗೋಡೆಗಳು. ಹೃಷೀಕೇಶದ ಸುತ್ತಿನ ತಗ್ಗಾದ ಶಿವಾಲಿಕ ಗುಡ್ಡಗಳು ಮೊದಲನೆಯದು. ಅದರ ಹಿಂದೆ ಕೆಳಹಿಮಾಲಯ. ದೇವಪ್ರಯಾಗ, ಶ್ರೀನಗರ, ರುದ್ರಪ್ರಯಾಗಗಳೆಲ್ಲ ಇದರ ಮಡಿಲಲ್ಲಿವೆ. ಅದರಾಚೆಗೆ ಮಹಾಹಿಮಾಲಯ. ಒಂದು ಗೋಡೆಗೂ ಇನ್ನೊಂದಕ್ಕೂ ನಡುವೆ ನೆಲ ಮುರಿದು, ಉತ್ತರದ ಬಂಡೆ ದಕ್ಷಿಣದ ಬಂಡೆಯ ಮೇಲೆ ಏರಿ ಕುಳಿತ ಮಹಾಬಿರುಕುಗಳಿವೆ. ಸುಮಾರು 5 ಕೋಟಿ ವರ್ಷಗಳ ಹಿಂದೆ ಭಾರತದ ಭೂಫಲಕ ಏಷ್ಯದ ಫಲಕಕ್ಕೆ ತಾಗಿತು; ನಡುವಿನ ಸಮುದ್ರದ ಕೆಸರು ಮಡಿಕೆ ಮಡಿಕೆಯಾಗಿ ಮೇಲೆದ್ದಿತು. ಆ ಒತ್ತು ಇನ್ನೂ ನಿಂತಿಲ್ಲ. ಭಾರತ ಇಂದಿಗೂ ವರ್ಷಕ್ಕೆ 4ರಿಂದ 5 ಸೆಂಟಿಮೀಟರಿನಂತೆ ಉತ್ತರಕ್ಕೆ ಸರಿಯುತ್ತಿದೆ. ಅದರಲ್ಲಿ ಸುಮಾರು 2 ಸೆಂಟಿಮೀಟರಿನ ಒತ್ತಡವನ್ನು ಹಿಮಾಲಯವೇ ತಾಳಿಕೊಳ್ಳಬೇಕು. ತಾಳಲಾರದೆ ಹೋದ ಗಳಿಗೆಯಲ್ಲಿ ಭೂಕಂಪ. ಈ ಸೀಮೆಯವರು 1991ರ ಅಕ್ಟೋಬರಿನ ಉತ್ತರಕಾಶಿಯ ಕಂಪನವನ್ನೂ 1999ರ ಮಾರ್ಚಿಯ ಚಮೋಲಿಯ ಕಂಪನವನ್ನೂ ಮನೆಯ ಮದುವೆ ಮರಣಗಳ ಹಾಗೆ ಇಸವಿ ಹೇಳಿ ನೆನೆಯುತ್ತಾರೆ.

ಕನ್ನಡಿಗನಿಗೆ ಇದನ್ನು ಮನಸ್ಸಿಗೆ ತಂದುಕೊಳ್ಳುವುದು ಸುಲಭವಲ್ಲ. ನಾವು ಹುಟ್ಟಿ ಬೆಳೆದ ನೆಲ ಅಂಥದಲ್ಲ. ಮೈಸೂರು ಸೀಮೆಯ ಹಾಸುಬಂಡೆಗಳಲ್ಲಿ 300 ಕೋಟಿ ವರ್ಷ ಮೀರಿದವು ಎಷ್ಟೋ ಇವೆ. ನಮ್ಮ ಬೆಟ್ಟಗಳು ಮಳೆಗೆ ಗಾಳಿಗೆ ಸವೆದು, ಬಿಡುವುದನ್ನೆಲ್ಲ ಬಿಟ್ಟು, ಉಳಿದುಕೊಂಡ ಗಟ್ಟಿಯ ಭಾಗ. ಹಿಮಾಲಯ ಇನ್ನೂ ಮೈ ಬೆಳೆಯುತ್ತಿರುವ ಹುಡುಗ; ಬೆಳೆದಷ್ಟೂ ಉದುರಿಸಿಕೊಳ್ಳುತ್ತಾನೆ. ಎತ್ತರದ ಮಾತು ಹಾಗಿರಲಿ, ನಮ್ಮ ಸಹ್ಯಾದ್ರಿಗೂ ಇದಕ್ಕೂ ಇರುವ ನಿಜವಾದ ಭೇದ ಇದೇ ಎಂದು ನನಗೆ ತೋರುತ್ತದೆ.

ರುದ್ರಪ್ರಯಾಗದಿಂದ ಮುಂದೆ ಕಣಿವೆ ಇಕ್ಕಟ್ಟು. ಹಾಗೆ ಹೋಗುತ್ತ ಹೋಗುತ್ತ ಥಟ್ಟನೆ ಬಾಗಿಲು ತೆರೆದಂತೆ ಒಂದು ಅಗಲವಾದ ಬಯಲು. ಅಲ್ಲೊಂದು ದೊಡ್ಡ ಪೇಟೆ, ಶಾಲೆ, ಹುಡುಗರು ಚೆಂಡಾಡುವ ಮೈದಾನ. ಊರಿನ ಹೆಸರು ಅಗಸ್ತ್ಯಮುನಿ. ದಕ್ಷಿಣಕ್ಕೆ ಬಂದು ನೆಲೆಸಿದರೆಂದು ನಾವು ನಂಬಿರುವ ಮಹರ್ಷಿಗಳ ತಪೋಭೂಮಿ ಇದೆಂದು ಇಲ್ಲಿಯವರ ನಂಬಿಕೆ. ಎರಡು ದಿನ ಬರಿಯ ಇಳಿಜಾರನ್ನೇ ನೋಡಿ ದಣಿದ ಕಣ್ಣಿಗೆ ಆ ಮೈದಾನ ಎಷ್ಟು ಹಿತವೆನಿಸಿತೆಂದರೆ, ಋಷಿಗಳ ಆಯ್ಕೆಯನ್ನು ನಾನು ಬಾಯಿ ತುಂಬ ಹೊಗಳಿದೆ. ಮಿತ್ರರು ರಸ್ತೆಯ ಪಕ್ಕದ ಕೊರೆದ ದಿಬ್ಬವನ್ನು ತೋರಿಸಿದರು. ಮೇಲಿನಿಂದ ಕೆಳಗಿನವರೆಗೆ ಅದರಲ್ಲಿ ಇದ್ದುದೆಲ್ಲ ಗುಂಡುಕಲ್ಲು. ಕುಂಬಳಕಾಯಿಯಷ್ಟು, ತೆಂಗಿನಕಾಯಿಯಷ್ಟು, ನಿಂಬೆಹಣ್ಣಿನಷ್ಟು. ನದಿ ಹೊರಳಿಸಿ ನುಣುಪುಗೊಳಿಸದೆ ಕಲ್ಲು ಹಾಗಾಗದು. ಎಂದರೆ, ಇಂದು ಎಷ್ಟೋ ಕೆಳಗೆ ಹರಿಯುತ್ತಿರುವ ಮಂದಾಕಿನಿ ಒಂದಾನೊಂದು ಕಾಲದಲ್ಲಿ ಈ ಮೈದಾನದ ಮಟ್ಟದಲ್ಲಿ ಹರಿದಿತ್ತು; ತಂದ ಹೊರೆಯನ್ನು ಇಲ್ಲಿ ಇಳಿಸಿತ್ತು.

ಅಲ್ಲಿಂದ ಮೇಲೆ ನಾನೂ ನೋಡತೊಡಗಿದೆ. ಹಿಮಾಲಯದಲ್ಲಿ ಚಪ್ಪಟೆಯಾದ ನೆಲವೆಂಬುದು ತಾನಾಗಿ ಇಲ್ಲ. ಎಲ್ಲಿ ಒಂದಿಷ್ಟು ಸಮತಟ್ಟು ಇದೆಯೊ ಅಲ್ಲಿ ಯಾವುದೊ ಕಾಲದ ಪ್ರವಾಹ ತನ್ನ ಮೂಟೆಯನ್ನು ಇಳಿಸಿದೆ, ಇಲ್ಲವೆ ಬೆಟ್ಟವೊಂದು ಕುಸಿದು ಕುಳಿತಿದೆ, ಇಲ್ಲವೆ ಹಿಮನದಿ ಕರಗಿ ಹಿಂದೆ ಸರಿಯುವಾಗ ತನ್ನ ಕಸವನ್ನು ಬಿಟ್ಟುಹೋಗಿದೆ. ಗಟ್ಟಿ ಬಂಡೆಯಿರುವಲ್ಲಿ ಕಡಿದಾದ ಗೋಡೆ; ಅಲ್ಲಿ ಮಣ್ಣಿಲ್ಲ, ನೀರಿಲ್ಲ, ಮನುಷ್ಯನಿಲ್ಲ. ಮಣ್ಣೂ ಒರತೆಯೂ ಇರುವುದು ಹಿಂದೆಂದೊ ಕುಸಿದ ರಾಶಿಯ ಮೇಲೆ. ರೈತ ನೇಗಿಲು ಹೂಡುವುದು ಅಲ್ಲಿ, ಊರು ಹುಟ್ಟುವುದು ಅಲ್ಲಿ. ಬೆಟ್ಟದ ಒಡಲಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿದ ಗದ್ದೆಗಳನ್ನು ನೋಡಿ ನಾವು ಚಿತ್ರ ತೆಗೆದುಕೊಳ್ಳುತ್ತೇವಲ್ಲ, ಅವುಗಳಲ್ಲಿ ಬಹುಪಾಲು ಹಳೆಯ ಕುಸಿತಗಳ ಬೆನ್ನು.

ಇದನ್ನು ಇಲ್ಲಿಯ ಹಿಂದಿನವರು ತಿಳಿಯದೆ ಇರಲಿಲ್ಲ. ಹಳೆಯ ಹಳ್ಳಿಗಳನ್ನು ಗಮನಿಸಿ: ನದಿಯ ದಡದಲ್ಲಿ ಅವು ಇರುವುದು ಕಡಮೆ. ನೀರಿಗಾಗಿ ಹೆಂಗಸರು ಎಷ್ಟು ಹತ್ತಿಳಿಯಬೇಕಾದರೂ ಸರಿಯೆಂದು ಮೇಲೆ, ಬೆಟ್ಟದ ಭುಜದಲ್ಲಿ ಕಟ್ಟಿಕೊಂಡಿದ್ದಾರೆ. ದಡದಲ್ಲಿ ಸಾಲುಗಟ್ಟಿದ ಹೋಟೆಲುಗಳೂ ವಸತಿಗೃಹಗಳೂ ಮೋಟಾರು ರಸ್ತೆಯ ಸಂತಾನ. 1962ರ ಚೀನದ ಯುದ್ಧದ ತರುವಾಯ ರಸ್ತೆಗಳು ಕಣಿವೆಯ ತಳದಲ್ಲಿ ಓಡಿದವು. ಅಂಗಡಿಗಳು ರಸ್ತೆಯ ಹಿಂದೆ ಓಡಿದವು. ಹಾಗೆಂದು ಮೇಲಿನವರು ಸುರಕ್ಷಿತರೆಂದಲ್ಲ. 1998ರ ಆಗಸ್ಟಿನಲ್ಲಿ ಊಖೀಮಠದ ಸುತ್ತಿನ ಬೆಟ್ಟಗಳು ಒಂದಾದಮೇಲೊಂದು ಜಾರಿದಾಗ ಹೋದವು ಮೇಲಿನ ಹಳ್ಳಿಗಳೇ. ಕುಸಿದ ಮಣ್ಣು ಮಧ್ಯಮಹೇಶ್ವರ ಗಂಗೆಯನ್ನು ಅಡ್ಡಗಟ್ಟಿ ಕೆರೆ ಮಾಡಿಬಿಟ್ಟಿತು. ಇಲ್ಲಿ ಮನೆ ಕಟ್ಟುವವನ ಮುಂದೆ ಇರುವುದು ಎರಡು ಅಪಾಯಗಳ ನಡುವಿನ ಆಯ್ಕೆ.

ಊಖೀಮಠದ ಮಾತು ಬಂದದ್ದರಿಂದ ಅಲ್ಲಿಯ ಸಂಗತಿಯೊಂದನ್ನು ಹೇಳಬೇಕು. ಚಳಿಗಾಲದ ಆರು ತಿಂಗಳು ಕೇದಾರನಾಥನ ಪೂಜೆ ನಡೆಯುವುದು ಇಲ್ಲಿಯ ಓಂಕಾರೇಶ್ವರ ಗುಡಿಯಲ್ಲಿ. ಕೇದಾರದ ಪ್ರಧಾನಾಚಾರ್ಯರಿಗೆ ರಾವಲರೆಂದು ಹೆಸರು. ಪರಂಪರೆಯಂತೆ ಅವರು ಕರ್ನಾಟಕದ ವೀರಶೈವ ಜಂಗಮ ಮನೆತನಗಳಿಂದ ಬಂದವರು. ರಾವಲರು ತಾವೇ ಪೂಜೆ ಮಾಡುವುದಿಲ್ಲ. ಅವರ ಶಿಷ್ಯರು ಮಾಡುತ್ತಾರೆ. ರೈಲಿಲ್ಲದ ಕಾಲದಲ್ಲಿ ನಮ್ಮ ಬಯಲುಸೀಮೆಯಿಂದ ಹೊರಟು, ಎರಡು ಸಾವಿರ ಕಿಲೋಮೀಟರಿನ ಮೇಲೆ ನಡೆದು, ಈ ಚಳಿಯ ನಾಡಿಗೆ ಬಂದು ನಿಂತವರ ಎದೆಗಾರಿಕೆಯನ್ನು ನೆನೆದರೆ ನಮ್ಮ ಎರಡು ರಾತ್ರಿಗಳ ರೈಲು ಪ್ರಯಾಣದ ಗೊಣಗಾಟ ನಾಚಿಕೆಯಿಂದ ಸುಮ್ಮನಾಗುತ್ತದೆ.

ಊಖೀಮಠದಿಂದ ಒಂದು ದಿನವನ್ನು ಕದ್ದು ನಾವು ಚೋಪ್ತಾಕ್ಕೆ ಹೋಗಿ ತುಂಗನಾಥವನ್ನು ಹತ್ತಿ ಬಂದೆವು. ಯಾತ್ರೆಯ ಗಡಿಬಿಡಿಯಲ್ಲಿ ಇದನ್ನು ಬಿಡುವವರು ಮಹಾಹಿಮಾಲಯದ ಒಟ್ಟು ನೋಟವನ್ನೇ ಬಿಟ್ಟಂತೆ. ಇಲ್ಲಿ ಬೆಟ್ಟ ಹತ್ತುವುದೆಂದರೆ ಗಂಟೆಗೊಂದು ದೇಶವನ್ನು ದಾಟಿದ ಹಾಗೆ. ಕೆಳಗೆ ಚೀಡ್ ಎಂಬ ಸೂಜಿಯೆಲೆಯ ಪೈನ್ ಮರಗಳು. ಅದರ ಮೇಲೆ ಬಾಂಜ್ ಎಂದು ಕರೆಯುವ ಓಕ್ ಮರಗಳ ದಟ್ಟ ಕಾಡು, ಕೊಂಬೆ ಕೊಂಬೆಗೂ ಹಾವಸೆಯ ಗಡ್ಡ. ನಡುನಡುವೆ ಬುರಾಂಶ್, ಚೈತ್ರದ ಹೊತ್ತಿಗೆ ಬೆಟ್ಟಕ್ಕೆ ಬೆಂಕಿ ಬಿದ್ದಂತೆ ಕೆಂಪು ಹೂ ಬಿಡುವ ಮರ. ಇದೇ ಜಾತಿಯ ಮರದ ಒಂದು ಪ್ರಭೇದ ಎಲ್ಲಿಯೋ ದೂರದ ನಮ್ಮ ನೀಲಗಿರಿಯ ನೆತ್ತಿಯ ಮೇಲೂ ಇದೆಯೆಂಬುದು ವಿಸ್ಮಯದ ಸಂಗತಿ. ಮತ್ತೂ ಮೇಲೆ ಭೂರ್ಜ. ಬಿಳಿಯ ತೊಗಟೆ ಕಾಗದದಂತೆ ಪದರ ಪದರವಾಗಿ ಸುಲಿಯುತ್ತಿತ್ತು. ನಮ್ಮ ಕವಿಗಳು ತಾಳೆಗರಿಯ ಮೇಲೆ ಕಂಠದಿಂದ ಕೊರೆಯುತ್ತಿದ್ದಾಗ ಉತ್ತರದವರು ಇದರ ಮೇಲೆ ಮಸಿಯಿಂದ ಬರೆದರು. ಅದರಿಂದಾಚೆ ಮರವೇ ಇಲ್ಲ, ಹುಲ್ಲು. ಬುಗ್ಯಾಲವೆಂದು ಇಲ್ಲಿಯವರು ಕರೆಯುವ ಆ ಹುಲ್ಲುಗಾವಲು ಅಕ್ಟೋಬರಿನಲ್ಲಿ ಸಿಂಹದ ಮೈಬಣ್ಣಕ್ಕೆ ತಿರುಗಿರುತ್ತದೆ. ತುಂಗನಾಥ 3,680 ಮೀಟರು. ಅಲ್ಲಿಯ ಏಣು ಮಂದಾಕಿನಿಯ ನೀರನ್ನೂ ಅಲಕನಂದೆಯ ನೀರನ್ನೂ ಬೇರ್ಪಡಿಸುತ್ತದೆ. ಎದುರಿಗೆ ಉತ್ತರದ ದಿಕ್ಕನ್ನೆಲ್ಲ ತುಂಬಿ ಚೌಖಂಬಾ, ಕೇದಾರ, ದೂರ ಬಲಕ್ಕೆ ನಂದಾದೇವಿ. ಚೌಖಂಬಾದ ಎತ್ತರ 7,138 ಮೀಟರು, ನಂದಾದೇವಿಯದು 7,816. ಇದಕ್ಕಿಂತ ಹೆಚ್ಚು ವರ್ಣಿಸಲು ನಾನು ಹೋಗುವುದಿಲ್ಲ. ವಿಶೇಷಣಗಳೆಲ್ಲ ಆ ಗಾಳಿಯಲ್ಲಿ ಉದುರಿಹೋಗುತ್ತವೆ.

ಮರಳಿ ಮಂದಾಕಿನಿಯ ದಾರಿಗೆ. ಗುಪ್ತಕಾಶಿ, ಫಾಟಾ, ರಾಮಪುರ, ಸೋನಪ್ರಯಾಗ. ಫಾಟಾದಲ್ಲಿ ಇಂದು ಹೆಲಿಕಾಪ್ಟರುಗಳ ಗದ್ದಲ. ಆದರೆ 1973ರ ಡಿಸೆಂಬರಿನಲ್ಲಿ ಮರಗಳನ್ನು ಕಡಿಯಲು ಬಂದವರನ್ನು ಫಾಟಾ ರಾಮಪುರದ ಜನ ತಡೆದು ನಿಲ್ಲಿಸಿದರು. ಚಿಪ್ಕೋ ಎಂದೊಡನೆ ನಾವು ಗೌರಾದೇವಿಯವರ ರೇಣಿ ಗ್ರಾಮವನ್ನಷ್ಟೆ ನೆನೆಯುತ್ತೇವೆ. ಅದು ನಡೆದುದು 1974ರ ಮಾರ್ಚಿಯಲ್ಲಿ. ಈ ಕಣಿವೆಯವರು ಅದಕ್ಕೆ ಮೂರು ತಿಂಗಳು ಮುಂಚಿನವರು. 1970ರ ಜುಲೈಯಲ್ಲಿ ಅಲಕನಂದೆಗೆ ಬಂದ ಮಹಾಪೂರವನ್ನು ಕಂಡ ಜನ ಅವರು. ಮೇಲೆ ಮರ ಬಿದ್ದರೆ ಕೆಳಗೆ ಮಣ್ಣು ಬೀಳುತ್ತದೆಂಬುದನ್ನು ಯಾರೂ ಅವರಿಗೆ ಪಾಠ ಹೇಳಬೇಕಾಗಿರಲಿಲ್ಲ.

ಗೌರೀಕುಂಡದಲ್ಲಿ ಮೋಟಾರು ದಾರಿ ಮುಗಿಯುತ್ತದೆ. ಎತ್ತರ ಸುಮಾರು 1,980 ಮೀಟರು. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ತುದಿ ಇದಕ್ಕಿಂತ ಸುಮಾರು 50 ಮೀಟರು ಕೆಳಗೆ! ನಮ್ಮ ಬೆಟ್ಟ ಮುಗಿದ ಮೇಲೆ ಇಲ್ಲಿಯ ಬೆಟ್ಟ ಆರಂಭವಾಗುತ್ತದೆ. ಇಲ್ಲಿಯ ಬಿಸಿನೀರಿನ ಬುಗ್ಗೆಗೆ ಕಾರಣ ಮೇಲೆ ಹೇಳಿದ ನೆಲದ ಬಿರುಕುಗಳೇ. ಆಳಕ್ಕಿಳಿದ ನೀರು ಕಾದು ಬಿರುಕಿನಲ್ಲಿ ಮೇಲೇರುತ್ತದೆ. ಹಳೆಯ ಕುಂಡವನ್ನು 2013ರ ಪ್ರವಾಹ ಒಯ್ದಿತು. ಬುಗ್ಗೆಯನ್ನು ಒಯ್ಯಲಾಗಲಿಲ್ಲ, ಅದು ಕಲ್ಲುರಾಶಿಯ ನಡುವಿನಿಂದಲೇ ಮತ್ತೆ ಹೊರಬಂತು.

ಇಲ್ಲಿಂದ ಕಾಲುದಾರಿ. ಹಿಂದೆ 14 ಕಿಲೋಮೀಟರು ಇದ್ದುದು ಈಗ 16ಕ್ಕೂ ಮಿಗಿಲು. ಹೇಸರಗತ್ತೆಗಳ ಸಾಲು, ಬುಟ್ಟಿಯಲ್ಲಿ ಮನುಷ್ಯರನ್ನು ಹೊತ್ತ ನೇಪಾಳಿ ಕೂಲಿಗಳು, 'ಜೈ ಕೇದಾರ' ಎನ್ನುತ್ತ ಏದುಸಿರು ಬಿಡುವ ಗೃಹಸ್ಥರು, ಸೆಗಣಿಯ ಮೇಲೆ ಜಾರುವ ಬೂಟುಗಳು - ಈ ವರ್ಣನೆಯನ್ನು ಹೋಗಿಬಂದವರೆಲ್ಲ ಮಾಡುತ್ತಾರಾದ್ದರಿಂದ ಬಿಡುತ್ತೇನೆ. ಪಕ್ಕದಲ್ಲಿ ಮೊರೆಯುವ ನದಿಯ ಕಡೆ ನೋಡೋಣ. 'ಮಂದಾಕಿನಿ' ಎಂದರೆ ಮೆಲ್ಲಗೆ ಸಾಗುವವಳು. ಹೆಸರಿಟ್ಟವರ ವಿನೋದಪ್ರಜ್ಞೆ ದೊಡ್ಡದು. ನಮ್ಮ ಕಾವೇರಿ ತಲಕಾವೇರಿಯಿಂದ ಸಮುದ್ರದವರೆಗೆ ಸುಮಾರು 800 ಕಿಲೋಮೀಟರು ಹರಿದು ಒಟ್ಟಿನಲ್ಲಿ ಇಳಿಯುವುದು ಸುಮಾರು 1,300 ಮೀಟರು. ಈ ಮಂದಗಾಮಿನಿ ಕೇದಾರದಿಂದ ಗೌರೀಕುಂಡಕ್ಕೆ ಬರುವ ಒಂದು ಹಗಲಿನ ನಡಿಗೆಯ ದೂರದಲ್ಲಿ 1,600 ಮೀಟರು ಇಳಿಯುತ್ತಾಳೆ. ಇಂಥ ನೀರಿಗೆ ಬಂಡೆಯೆಂದರೆ ಗೋಲಿಯಿದ್ದಂತೆ.

ಅರ್ಧ ದಾರಿಯಲ್ಲಿ ರಾಮಬಾಡಾ ಇತ್ತು. 'ಇತ್ತು' ಎಂದೇ ಬರೆಯಬೇಕು. ಚಟ್ಟಿಗಳೂ ಅಂಗಡಿಗಳೂ ಧರ್ಮಶಾಲೆಗಳೂ ತುಂಬಿದ್ದ ನೆಲೆ ಅದು. ಯಾತ್ರಿಕರು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದ ನದೀತೀರದ ಸಮತಟ್ಟು. ಇಂದು ಅಲ್ಲಿ ಒಂದು ಗೋಡೆಯೂ ಇಲ್ಲ. ಬಿಳಿಯ ಕಲ್ಲುಗಳ ಹಾಸು, ನಡುವೆ ನೀರು, ಅದರ ಮೇಲೊಂದು ಸೇತುವೆ. ಹಳೆಯ ದಾರಿ ಇಲ್ಲಿಂದ ಮುಂದೆ ಕೊಚ್ಚಿಹೋದುದರಿಂದ ನೆಹರೂ ಪರ್ವತಾರೋಹಣ ಸಂಸ್ಥೆಯವರ ನೇತೃತ್ವದಲ್ಲಿ ನದಿಯ ಆಚೆಯ ದಡದಲ್ಲಿ ಹೊಸ ದಾರಿ ಕಡಿದರು. ಅದು ಲಿಂಚೋಲಿಯ ಮೂಲಕ ಕಡಿದಾಗಿ ಏರುತ್ತದೆ. ಸೇತುವೆಯ ಬಳಿ ಚಹಾ ಮಾರುತ್ತಿದ್ದ ನಡುವಯಸ್ಸಿನವನನ್ನು ಮಾತನಾಡಿಸಿದೆವು. ಎದುರು ದಡದ ಬಂಡೆಯೊಂದನ್ನು ಬೆರಳಿನಿಂದ ತೋರಿಸಿ, "ಅದರ ಎಡಗಡೆ ನಮ್ಮ ಅಂಗಡಿ," ಎಂದ. ಇನ್ನೇನೂ ಹೇಳಲಿಲ್ಲ. ನಾವೂ ಕೇಳಲಿಲ್ಲ.

ಲಿಂಚೋಲಿ ದಾಟಿದ ಮೇಲೆ ಕಣಿವೆ ಒಮ್ಮೆಗೇ ತೆರೆದುಕೊಳ್ಳುತ್ತದೆ. ಅದು ಕೇದಾರ. 3,583 ಮೀಟರಿನ ಎತ್ತರದಲ್ಲಿ ಬೊಗಸೆಯಂತಹ ಒಂದು ತಾಣ. ಹಿಂದೆ 6,940 ಮೀಟರಿನ ಕೇದಾರಶಿಖರದ ಬಿಳಿಯ ಗೋಡೆ. ನಡುವೆ ಕರಿಗಲ್ಲಿನ ಗುಡಿ. ಸ್ಥಳದ ಗಾಂಭೀರ್ಯಕ್ಕೆ ಆಸ್ತಿಕನೂ ನಾಸ್ತಿಕನೂ ಒಂದೇ ರೀತಿ ತಲೆಬಾಗಬೇಕು. ಆದರೆ ಈ ಲೇಖನದ ದಾರಿ ಹಿಡಿದು ಬಂದ ಓದುಗರು ಕೇಳಿಯೇ ಕೇಳುತ್ತಾರೆ: ಇಷ್ಟು ಎತ್ತರದಲ್ಲಿ ಇಷ್ಟು ದೊಡ್ಡ ಸಮತಟ್ಟು ಎಲ್ಲಿಂದ ಬಂತು?

ಹಿಮನದಿಯಿಂದ ಬಂತು. ಗುಡಿಯ ಹಿಂದೆ ಚೋರಾಬಾರಿ ಎಂಬ ಹಿಮನದಿಯೂ ಅದರ ಜೊತೆಗಾರನೆಂದೇ ಭೂವಿಜ್ಞಾನಿಗಳು ಕರೆಯುವ ಇನ್ನೊಂದೂ ಇಳಿಯುತ್ತವೆ. ಹಿಂದಿನ ಶೀತಯುಗಗಳಲ್ಲಿ ಅವು ಈ ಕಣಿವೆಯನ್ನೆಲ್ಲ ತುಂಬಿ ಬಹುದೂರ ಕೆಳಗೆ ಚಾಚಿದ್ದವು. ಹಿಮನದಿ ಹರಿಯುವುದು ನಮ್ಮ ಕಣ್ಣಿಗೆ ಕಾಣುವುದಿಲ್ಲ. ಆದರೆ ಅದು ಹೊರುವ ಹೊರೆ ಯಾವ ನದಿಯೂ ಹೊರಲಾರದ್ದು. ಬಂಡೆಯನ್ನು ಅರೆದು ಹಿಟ್ಟುಮಾಡಿ, ಮಂಜಿನ ಮೈಮೇಲೂ ಪಕ್ಕದಲ್ಲೂ ಹೊತ್ತು ತರುತ್ತದೆ. ಕಾಲ ಬೆಚ್ಚಗಾಗಿ ಹಿಂದೆ ಸರಿಯುವಾಗ ಆ ಕಲ್ಲು ಮಣ್ಣು ಹಿಟ್ಟುಗಳ ರಾಶಿಯನ್ನು ಎರಡು ಬದಿಗೂ ಏರಿಯಂತೆ, ಮುಂದುಗಡೆ ಬಯಲಂತೆ ಬಿಟ್ಟುಹೋಗುತ್ತದೆ. ಕೇದಾರದ ಊರು ನಿಂತಿರುವುದು ಆ ಬಯಲಿನ ಮೇಲೆ. ಗುಡಿಯ ಪಶ್ಚಿಮಕ್ಕೆ ಮಂದಾಕಿನಿ, ಪೂರ್ವಕ್ಕೆ ಸರಸ್ವತಿ ಎಂಬ ಎರಡು ತೊರೆಗಳು. ಪೂರ್ವದ ಹಳೆಯ ಪಾತ್ರದಲ್ಲಿ ನೀರು ಕಡಮೆಯಾಗಿದ್ದ ವರ್ಷಗಳಲ್ಲಿ ಕಟ್ಟಡಗಳು ಅದರ ಕಡೆಗೂ ಹಬ್ಬಿದವು. ಗುಡಿಯನ್ನು ಕಟ್ಟಿದವರು ದಿಬ್ಬದ ನಡುವಿನ ಎತ್ತರವನ್ನು ಹುಡುಕಿ ಕಟ್ಟಿದ್ದರು. ಉಳಿದವರು ಸಿಕ್ಕಿದ ಜಾಗದಲ್ಲಿ ಕಟ್ಟಿದರು.

ಗುಡಿಯಿಂದ ಒಂದೆರಡು ಕಿಲೋಮೀಟರು ಮೇಲೆ, ಹಿಮನದಿಯ ಬದಿಯ ಏರಿಗೂ ಬೆಟ್ಟಕ್ಕೂ ನಡುವೆ, ಮಳೆ ಮತ್ತು ಕರಗಿದ ಹಿಮದ ನೀರು ನಿಂತು ಒಂದು ಕೆರೆಯಾಗಿತ್ತು. ಚೋರಾಬಾರಿ ತಾಲ್. 1948ರಲ್ಲಿ ಮಹಾತ್ಮರ ಚಿತಾಭಸ್ಮದ ಒಂದು ಭಾಗವನ್ನು ಅದರಲ್ಲಿ ವಿಸರ್ಜಿಸಿದ ಮೇಲೆ ಗಾಂಧೀ ಸರೋವರವೆಂಬ ಹೆಸರೂ ಬಂತು. ಆ ಕೆರೆಗೆ ಕಟ್ಟೆ ಹಾಕಿದ್ದುದು ಎಂಜಿನಿಯರುಗಳಲ್ಲ, ಹಿಮನದಿ. ಕಟ್ಟೆಯಲ್ಲಿ ಗಾರೆಯಿರಲಿಲ್ಲ, ಬರಿಯ ಸಡಿಲ ಕಲ್ಲುಮಣ್ಣು.

2013ನೆಯ ಇಸವಿಯಲ್ಲಿ ಮುಂಗಾರು ಓಡಿಬಂತು. ಜುಲೈ ಮಧ್ಯದಲ್ಲಿ ದೇಶವನ್ನೆಲ್ಲ ಆವರಿಸಬೇಕಾದ ಮಳೆ ಜೂನ್ 16ಕ್ಕೇ ಆವರಿಸಿತು. ಬೆಟ್ಟಗಳ ಮೇಲೆ ಚಳಿಗಾಲದ ಹಿಮ ಇನ್ನೂ ಇತ್ತು. ಪಡುವಣದಿಂದ ಬಂದ ತಂಪು ಮಾರುತವೂ ಅದೇ ದಿನ ಎದುರಾಯಿತು. ಹಿಮನದಿಯ ಬಳಿ ಡೆಹರಾಡೂನಿನ ವಾಡಿಯಾ ಸಂಸ್ಥೆಯವರು ಇಟ್ಟಿದ್ದ ಮಳೆಮಾಪಕ ಒಂದು ದಿನದೊಳಗೆ 300 ಮಿಲಿಮೀಟರಿಗೂ ಹೆಚ್ಚು ತೋರಿಸಿತು. ನಮ್ಮ ಆಗುಂಬೆಯವರು ಈ ಅಂಕಿಯನ್ನು ಕೇಳಿ ಹುಬ್ಬೇರಿಸಲಾರರು. ಅಂಥ ದಿನಗಳನ್ನು ಅವರು ಕಂಡಿದ್ದಾರೆ. ಆದರೆ ಅಲ್ಲಿ ಆ ಮಳೆ ಬೀಳುವುದು ಕಾಡಿನ ಮೇಲೆ, ಕಾಡಿನಡಿಯ ಹಳೆಯ ಬಂಡೆಯ ಮೇಲೆ. ಇಲ್ಲಿ ಬಿದ್ದುದು ಕರಗುವ ಹಿಮದ ಮೇಲೆ, ಸಡಿಲ ರಾಶಿಯ ಮೇಲೆ. 16ರ ಸಂಜೆ ಸರಸ್ವತಿಯ ಕಡೆಯಿಂದ ಮೊದಲ ಪ್ರವಾಹ ನುಗ್ಗಿತು. ಉಳಿದವರು ಆ ರಾತ್ರಿಯನ್ನು ಗುಡಿಯಲ್ಲೂ ಮಾಳಿಗೆಗಳಲ್ಲೂ ಕಳೆದರು. 17ರ ಬೆಳಗ್ಗೆ ಏಳು ಗಂಟೆಯೊಳಗೆ ಕೆರೆಯ ಏರಿ ಒಡೆಯಿತು. ಕೆಲವೇ ನಿಮಿಷಗಳಲ್ಲಿ ಕೆರೆ ಬರಿದು. ನೀರಿಗಿಂತ ಕಲ್ಲೇ ಹೆಚ್ಚಾಗಿದ್ದ ಆ ಪ್ರವಾಹ ಪೂರ್ವದ ಹಳೆಯ ಪಾತ್ರವನ್ನು ಮತ್ತೆ ತನ್ನದಾಗಿಸಿಕೊಂಡು ಊರನ್ನು ಹಾದು, ರಾಮಬಾಡಾವನ್ನು ಅಳಿಸಿ, ಗೌರೀಕುಂಡ ಸೋನಪ್ರಯಾಗಗಳನ್ನು ಕತ್ತರಿಸಿ ಇಳಿಯಿತು. ಅಗಸ್ತ್ಯಮುನಿಯ ದಡವನ್ನೂ ಬಿಡಲಿಲ್ಲ. ಆ ವಿಪತ್ತಿನಲ್ಲಿ ಸತ್ತವರೂ ಕಾಣದಾದವರೂ 5,000ಕ್ಕಿಂತ ಹೆಚ್ಚು. ಗುಡಿಯ ಬೆನ್ನಿಗೆ ಒಂದು ದೊಡ್ಡ ಬಂಡೆ ಬಂದು ನಿಂತು ಪ್ರವಾಹವನ್ನು ಎರಡಾಗಿ ಸೀಳಿತು. ಭೀಮಶಿಲೆಯೆಂದು ಅದಕ್ಕೆ ಇಂದು ಪೂಜೆ ನಡೆಯುತ್ತಿದೆ.

ಮಳೆಯನ್ನು ನಿಲ್ಲಿಸುವುದು ಯಾರ ಕೈಯಲ್ಲೂ ಇಲ್ಲ, ನಿಜ. ಆದರೆ ಇದೇ ಗಢವಾಲದಲ್ಲಿ ಬೇರೊಂದು ಕತೆಯೂ ನಡೆದುಹೋಗಿದೆ. ಅದು ಹೆಚ್ಚು ಜನಕ್ಕೆ ತಿಳಿದಿರಬೇಕಾದದ್ದು. ನೆರೆಯ ಚಮೋಲಿ ಜಿಲ್ಲೆಯಲ್ಲಿ ಅಲಕನಂದೆಯನ್ನು ಸೇರುವ ಬಿರಹಿ ಗಂಗೆಯೆಂಬ ಹೊಳೆಗೆ 1893ರ ಸೆಪ್ಟೆಂಬರಿನಲ್ಲಿ ಗೋಹನಾ ಎಂಬಲ್ಲಿ ಬೆಟ್ಟವೇ ಬಿದ್ದು ಸುಮಾರು 900 ಅಡಿ ಎತ್ತರದ ಕಟ್ಟೆಯಾಯಿತು. ಹಿಂದೆ ನೀರು ಏರತೊಡಗಿತು. ಅಂದಿನ ಎಂಜಿನಿಯರುಗಳು ಅಲ್ಲಿಗೆ ಹೋಗಿ ಕುಳಿತು ಲೆಕ್ಕ ಹಾಕಿದರು: ಬರುವ ವರ್ಷ ಆಗಸ್ಟಿನಲ್ಲಿ ಕೆರೆ ತುಂಬಿ ಕಟ್ಟೆಯನ್ನು ಮೀರುತ್ತದೆ. ಕಟ್ಟೆಯ ಬಳಿಯಿಂದ ಹರಿದ್ವಾರದವರೆಗೆ ತಂತಿ ಎಳೆಸಿದರು. ತೂಗುಸೇತುವೆಗಳನ್ನು ಕಳಚಿ ಇಟ್ಟರು. ನೀರು ಎಲ್ಲಿಯವರೆಗೆ ಏರಬಹುದೆಂದು ಬೆಟ್ಟದ ಇಳಿಜಾರುಗಳಲ್ಲಿ ಗುರುತಿನ ಕಂಬಗಳನ್ನು ನಿಲ್ಲಿಸಿ, ಜನರನ್ನು ಅದರ ಮೇಲಕ್ಕೆ ಕಳುಹಿಸಿದರು. ಹೇಳಿದ ತಿಂಗಳಲ್ಲೇ, 1894ರ ಆಗಸ್ಟ್ 25ರ ರಾತ್ರಿ, ಕಟ್ಟೆ ಒಡೆಯಿತು. ಶ್ರೀನಗರ ಪಟ್ಟಣ ಕೊಚ್ಚಿಹೋಯಿತು. ನಾವು ಇಂದು ಕಾಣುವುದು ಮೇಲಿನ ಮಟ್ಟದಲ್ಲಿ ಕಟ್ಟಿದ ಹೊಸ ಊರು. ಸತ್ತವರು ಎಷ್ಟು ಮಂದಿ? ಐದು. ಬೇಡವೆಂದು ದಾಟಿಸಿದ ಜಾಗಕ್ಕೆ ಮತ್ತೆ ಮರಳಿ ಹೋದ ಒಬ್ಬ ಫಕೀರನೂ ಅವನ ಮನೆಯವರೂ. ವಿಮಾನವಿಲ್ಲ, ಉಪಗ್ರಹವಿಲ್ಲ, ಮೊಬೈಲ್ ಫೋನ್ ಇಲ್ಲ. ಇದ್ದುದು ಒಂದು ತಂತಿ, ಮತ್ತು ಕೆರೆಯ ಪಕ್ಕದಲ್ಲಿ ವರ್ಷವಿಡೀ ಕುಳಿತಿರುವ ತಾಳ್ಮೆ.

ಮಿತ್ರರು ಇದನ್ನು ಹೇಳಿ ಮುಗಿಸಿದಾಗ ನಾನು ವಾದ ಹೂಡಿದೆ. ಗೋಹನಾದ ಕೆರೆಗೆ ವರ್ಷ ಹಿಡಿಯಿತು. ಕೇದಾರಕ್ಕೆ ಸಿಕ್ಕಿದ್ದು ಎರಡು ದಿನ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವೆ? ನ್ಯಾಯವಲ್ಲವೆಂದು ಅವರೂ ಒಪ್ಪಿದರು. ಆದರೆ ಕೆರೆ ಅಲ್ಲಿದ್ದುದು ಎಲ್ಲರಿಗೂ ಗೊತ್ತಿತ್ತು, ಏರಿ ಎಂಥದೆಂಬುದು ಬಲ್ಲವರಿಗೆ ಗೊತ್ತಿತ್ತು, ಪೂರ್ವದ ಪಾತ್ರ ನದಿಯದೆಂಬುದು ಹಳೆಯ ನಕ್ಷೆಯಲ್ಲಿತ್ತು ಎಂದರು. ಬದರಿಯ ದಾರಿಯ ಜೋಶೀಮಠ ಹಳೆಯ ಕುಸಿತದ ರಾಶಿಯ ಮೇಲೆ ನಿಂತಿದೆ, ಅಲ್ಲಿ ಭಾರಿ ಕಟ್ಟಡ ಬೇಡವೆಂದು ಸರಕಾರವೇ ನೇಮಿಸಿದ ಸಮಿತಿ 1976ರಲ್ಲಿ ಹೇಳಿತ್ತು. 2023ರ ಜನವರಿಯಲ್ಲಿ ನೂರಾರು ಮನೆಗಳ ಗೋಡೆಗಳು ಬಿರುಕುಬಿಟ್ಟವು. 2021ರ ಫೆಬ್ರವರಿ 7ರಂದು ಅದೇ ರೇಣಿ ಗ್ರಾಮದ ಮೇಲ್ಗಡೆ ಬಂಡೆಯೂ ಹಿಮವೂ ಬೆರೆತ ಗುಡ್ಡದ ಭಾಗವೊಂದು ಕಳಚಿ ಬಿದ್ದು, ಕೆಳಗೆ ವಿದ್ಯುತ್ ಯೋಜನೆಗಳಲ್ಲಿ ದುಡಿಯುತ್ತಿದ್ದವರೂ ಸೇರಿ 200ಕ್ಕಿಂತ ಹೆಚ್ಚು ಜನ ಹೋದರು. ಆ ಹೊತ್ತಿಗೆ ಮಳೆಯೂ ಇರಲಿಲ್ಲ. ಚಳಿಗಾಲದ ನಿರ್ಮಲವಾದ ಬೆಳಗು.

ಕೇದಾರ ಮತ್ತೆ ಎದ್ದಿದೆ. ಗುಡಿಯ ಹಿಂದೆ ತಡೆಗೋಡೆಗಳಿವೆ. ಮುಂದೆ ಅಗಲವಾದ ಕಲ್ಲುಹಾಸಿನ ಬೀದಿ. ಶಂಕರಾಚಾರ್ಯರ ಸಮಾಧಿಯ ತಾಣದಲ್ಲಿ ಮೈಸೂರಿನ ಶಿಲ್ಪಿ ಅರುಣ್ ಯೋಗಿರಾಜರು ಕಡೆದ 12 ಅಡಿಯ ಕಪ್ಪು ಶಿಲೆಯ ವಿಗ್ರಹವನ್ನು 2021ರ ನವೆಂಬರಿನಲ್ಲಿ ಸ್ಥಾಪಿಸಿದ್ದಾರೆ. ಅಷ್ಟು ದೂರದಲ್ಲಿ ಮೈಸೂರಿನ ಉಳಿಯ ಕೆಲಸ ಕಂಡು ನಮ್ಮಿಬ್ಬರಿಗೂ ಎದೆ ತುಂಬಿ ಬಂತು. 2023ರ ಒಂದೇ ಋತುವಿನಲ್ಲಿ ಇಲ್ಲಿಗೆ ಬಂದ ಯಾತ್ರಿಕರು 19 ಲಕ್ಷಕ್ಕೂ ಹೆಚ್ಚು. ಬರಬಾರದೆಂದು ಹೇಳಲು ನಾನು ಯಾರು? ನಾನೂ ಅವರಲ್ಲೊಬ್ಬನಾಗಿ ಹೋದವನೇ. ಆದರೆ ಆ ಬೊಗಸೆಯಲ್ಲಿ ಒಂದು ರಾತ್ರಿ ತಂಗಿದವರು ಎಷ್ಟು, ದರ್ಶನ ಮಾಡಿ ಇಳಿದವರು ಎಷ್ಟು ಎಂಬುದರಲ್ಲಿ ವ್ಯತ್ಯಾಸವಿದೆ. ಹಳೆಯ ಕಾಲದ ಯಾತ್ರಿಕರು ಬಹುಮಂದಿ ಬೇಗ ಕೆಳಗಿಳಿಯುತ್ತಿದ್ದರಂತೆ. ಚಳಿಗೆ ಹೆದರಿಯೆಂದು ನಾವು ತಿಳಿದಿದ್ದೇವೆ.

ಮರುದಿನ ಬೆಳಗ್ಗೆ ನಾವು ಚೋರಾಬಾರಿಯ ಕಡೆಗೆ ಹತ್ತಿದೆವು. ಏರಿಯ ಮೇಲೆ ನಿಂತರೆ ಕೆರೆಯಿದ್ದ ಜಾಗ ಒಂದು ಅಗಲವಾದ ತಟ್ಟೆಯಂತೆ ಕಾಣುತ್ತದೆ. ನುಣ್ಣನೆಯ ಬೂದುಬಣ್ಣದ ಮರಳು, ಅದರ ನಡುವೆ ಒಂದು ಸಣ್ಣ ನೀರಿನ ಎಳೆ. ಅಂಚುಗಳಲ್ಲಿ ಹುಲ್ಲು ಹಿಡಿದಿತ್ತು. ಏರಿ ಒಡೆದ ಕಂಡಿಯ ಎರಡು ಪಕ್ಕಗಳಲ್ಲಿ ಇನ್ನೂ ಆಗಾಗ ಕಲ್ಲು ಉರುಳುತ್ತಿತ್ತು. ಒಂದು ಉರುಳಿದರೆ ಅದರ ಸದ್ದು ಎದುರಿನ ಗೋಡೆಗೆ ತಾಗಿ ಬಹಳ ಹೊತ್ತು ಉಳಿಯುತ್ತಿತ್ತು. ಕೆಳಗೆ ಗುಡಿಯ ಶಿಖರ, ಅದರ ಸುತ್ತ ಹೊಸ ಮಾಳಿಗೆಗಳ ಬಣ್ಣದ ತಗಡುಗಳು. ಹತ್ತು ಗಂಟೆಯ ಹೊತ್ತಿಗೆ ಕಣಿವೆಯ ಬಾಯಿಂದ ಮೋಡ ಏರಲು ತೊಡಗಿತು. ಇಳಿದು ಬರುವಾಗ ತಡೆಗೋಡೆಯ ಬಳಿ ಕಲ್ಲುಕುಟಿಗರು ಕೆಲಸ ಮಾಡುತ್ತಿದ್ದರು. ಪ್ರವಾಹ ತಂದು ಹಾಕಿದ ಬಂಡೆಗಳಿಗೆ ಸಾಲಾಗಿ ಉಳಿ ನೆಟ್ಟು, ಸುತ್ತಿಗೆಯಿಂದ ಹೊಡೆದು ಸೀಳಿ, ಚೌಕ ಮಾಡಿ ಜೋಡಿಸುತ್ತಿದ್ದರು. ಒಬ್ಬ ಮುದುಕ ಮಾತ್ರ ಒಂದು ಬಂಡೆಯನ್ನು ಮುಟ್ಟಿ ನೋಡಿ, ತಲೆಯಲ್ಲಾಡಿಸಿ, ಇದು ಬೇಡವೆಂದು ಕೈಸನ್ನೆ ಮಾಡಿದ. ಮೇಲೆ ಗಟ್ಟಿಯಾಗಿ ಕಂಡರೂ ಒಳಗೆ ಬಿರುಕಿತ್ತು.